ಹಾಸ್ಟೆಲ್ ನಿಯಮ, ಚಾಪೆಲ್ ಹಾಜರಿ, ಪಾಸ್ಟರಿಗೆ ಹೋಗುವ ಪತ್ರ: ಇದು ಶಿಸ್ತೋ, ಹೆದರಿಕೆಯೋ?

ಕೇಶ್ವಾಪುರದವಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ನಮ್ಮ ಚಿಕ್ಕಮ್ಮನ ಮಗಳಿಗೆ ಪಿಯುಸಿ ಮುಗಿದಿದೆ. ನಾನು ಓದಿದ ಕಾಲೇಜಿಗೇ ಅವಳನ್ನೂ ಸೇರಿಸಬೇಕು ಅಂತ ಮನೆಯಲ್ಲಿ ಮಾತು ನಡೆದಿದೆ. "ನೀನು ಅಲ್ಲೇ ಮೂರು ವರ್ಷ ಇದ್ದೆಯಲ್ಲ, ಹೇಗಿದೆ ಹೇಳು" ಅಂತ ಎಲ್ಲರೂ ನನ್ನ ಮುಖ ನೋಡುತ್ತಾರೆ. ಹೇಳಲು ಶುರು ಮಾಡಿದರೆ ಅಪ್ಪ ಎದ್ದು ಹೊರಗೆ ಹೋಗುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಾಲೇಜಿನ ಹೆಸರು ಕೇಳಬೇಡಿ. ಹುಬ್ಬಳ್ಳಿ ಧಾರವಾಡದ ಸುತ್ತಲೇ ಇದೆ, ಕ್ರೈಸ್ತ ಟ್ರಸ್ಟಿನದು, ಹಾಸ್ಟೆಲ್ ಇದೆ. ಅಷ್ಟು ಸಾಕು. ಪಾಠ ಚೆನ್ನಾಗಿತ್ತು, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಗ್ಲಿಷ್ ಮೇಡಂ ಒಬ್ಬರು ರಾತ್ರಿ ಊಟದ ಹೊತ್ತು ಮೀರಿದರೂ ಕೂತು ನಮ್ಮ ವ್ಯಾಕರಣ ತಿದ್ದಿದ್ದಾರೆ. ಆ ಋಣ ಮರೆಯುವವಳಲ್ಲ.

ಆದರೆ ಆ ನಿಯಮದ ಪುಸ್ತಕ! ಸೇರುವ ದಿನವೇ ಕೈಗೆ ಕೊಡುತ್ತಾರೆ, ನಲವತ್ತು ಪುಟ. ಬೆಳಗ್ಗೆ ಐದೂವರೆಗೆ ಗಂಟೆ. ದಿನವೂ ಚಾಪೆಲ್ (ಕಾಲೇಜಿನ ಪ್ರಾರ್ಥನೆ), ಸೀಟ್ ನಂಬರ್ ನೋಡಿ ಹಾಜರಿ, ತಪ್ಪಿದರೆ ಐವತ್ತು ರೂಪಾಯಿ ಫೈನ್. ಸಂಜೆ ಏಳಕ್ಕೆ ಫೋನು ಕೊಟ್ಟುಬಿಡಬೇಕು. ಥಿಯೇಟರಿಗೆ ಹೋಗುವ ಹಾಗಿಲ್ಲ, ಸಿನಿಮಾ ಹಾಡು ಗುನುಗುವ ಹಾಗಿಲ್ಲ, ಕೂದಲು ಬಿಡುವ ಹಾಗಿಲ್ಲ. ಭಾನುವಾರ ಯಾವ ಸಭೆಗೆ (ಚರ್ಚಿಗೆ) ಹೋದೆವೋ ಅಲ್ಲಿನ ಪಾಸ್ಟರಿಂದ ಚೀಟಿಗೆ ಸಹಿ ಹಾಕಿಸಿಕೊಂಡು ಬರಬೇಕು. ಶನಿವಾರ ಮಧ್ಯಾಹ್ನ ಎರಡರಿಂದ ಐದು, ಅದೊಂದೇ ಔಟ್‌ಪಾಸ್. ಹುಡುಗರಿಗೆ ಎಂಟು ಗಂಟೆವರೆಗೆ.

ಎರಡನೇ ವರ್ಷದ ಒಂದು ಶನಿವಾರ. ನಮ್ಮ ಅತ್ತೆ ಶೇಂಗಾ ಹೋಳಿಗೆ ಮಾಡಿ ಮಗನ ಕೈಯಲ್ಲಿ ಕಳಿಸಿದ್ದರು. ಚಿಗರಿ ಬಸ್ ಸ್ಟಾಪಿನ ಹತ್ತಿರ ಅವನು ಡಬ್ಬಿ ಕೊಟ್ಟ, ಹಸಿವಾಗಿತ್ತು, ಪಕ್ಕದ ಗಾಡಿಯಲ್ಲಿ ಇಬ್ಬರೂ ಗಿರ್ಮಿಟ್ ತಿಂದೆವು. ಯಾರೋ ನೋಡಿ ಹೋಗಿ ಹೇಳಿದ್ದಾರೆ. ನಾನು ಐದು ಗಂಟೆಯ ಬದಲು ಐದೂಕಾಲಿಗೆ ಗೇಟಿಗೆ ಬಂದೆ. ಆಫೀಸಿಗೆ ಕರೆದರು.

"ಯಾರವನು?"
"ನಮ್ಮ ಅತ್ತೆ ಮಗ ಮೇಡಂ."
"ಅತ್ತೆ ಮಗನಾ? ಹಾಗಾದರೆ ಇನ್ನೂ ಕಷ್ಟ."

ಈಗ ನಗು ಬರುತ್ತದೆ. ಆವತ್ತು ಕಾಲು ನಡುಗುತ್ತಿತ್ತು. ಒಂದು ಹಾಳೆ ಮುಂದಿಟ್ಟು "ನಾನು ದೇವರು ನೇಮಿಸಿದ ಅಧಿಕಾರಕ್ಕೆ ಅವಿಧೇಯಳಾಗಿ ಪಾಪ ಮಾಡಿದ್ದೇನೆ" ಅಂತ ಬರೆದು ಸಹಿ ಹಾಕು ಅಂದರು. ಬೈಬಲ್ ತಂದು ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ತೆಗೆದು ಓದಿಸಿದರು. ಹದಿನೈದು ನಿಮಿಷ ತಡ ಆಗಿದ್ದು ತಪ್ಪು, ಫೈನ್ ಕಟ್ಟುತ್ತೇನೆ ಅಂದೆ. ಪಾಪ ಅಂತ ಬರೆಯುವುದಿಲ್ಲ ಅಂದೆ. ಅಲ್ಲಿಂದ ಶುರುವಾಯಿತು ನೋಡಿ. ಒಂದು ಪತ್ರ ಅಪ್ಪನಿಗೆ ಹೋಯಿತು. ಇನ್ನೊಂದು ನಮ್ಮ ಸಭೆಯ ಅಯ್ಯನವರಿಗೆ, ಅಂದರೆ ಪಾಸ್ಟರಿಗೆ. ಆರು ವರ್ಷದಿಂದ ಸಂಡೇ ಸ್ಕೂಲಿನಲ್ಲಿ ಪುಟ್ಟ ಮಕ್ಕಳಿಗೆ ಹಾಡು ಕಲಿಸುತ್ತಿದ್ದೆ, "ಸ್ವಲ್ಪ ದಿನ ಬೇಡಮ್ಮ" ಅಂದರು. ಯಾಕೆ ಅಂತ ಸಭೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳದಿದ್ದರೆ ಜನ ತಾವೇ ಹೇಳಿಕೊಳ್ಳುತ್ತಾರೆ, ಅಲ್ವಾ?

ಫೈನ್ ಮರೆತಿದ್ದೇನೆ, ಬೆಳಗಿನ ಗಂಟೆಯೂ ಮರೆತಿದ್ದೇನೆ. ಆ ಎರಡನೇ ಪತ್ರ ಮರೆಯಲು ಆಗುತ್ತಿಲ್ಲ. ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ?

ಪೇಢಾ ಪ್ರೇಮಿ:

ನಲವತ್ತು ಪುಟಾನಾ? ನನ್ನ ಬಿಕಾಂ ನೋಟ್ಸೇ ಅಷ್ಟಿರಲಿಲ್ಲ. ಅದಿರಲಿ, ಅತ್ತೆ ಮಗ ಈಗ ಏನು ಮಾಡುತ್ತಿದ್ದಾನೆ?

ಕೇಶ್ವಾಪುರದವಳು:

ಮದುವೆಯಾಯಿತು, ಬೇರೆಯವರ ಜೊತೆ. ಹೋಳಿಗೆ ಡಬ್ಬಿ ಮಾತ್ರ ಇನ್ನೂ ನಮ್ಮ ಮನೆಯಲ್ಲೇ ಇದೆ.

ಹಾವೇರಿ ತಾಯಿ:

ನನ್ನ ಮಗಳು ಇಂಥದೇ ಒಂದು ಕಾಲೇಜಿನಲ್ಲಿ ಓದುತ್ತಿದ್ದಾಳೆ. ನಾವು ಕ್ರೈಸ್ತರಲ್ಲ. ಆದರೂ ಅಲ್ಲೇ ಸೇರಿಸಿದೆವು, ಯಾಕೆ ಗೊತ್ತಾ? ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದರೆ ಮಗಳು ಎಲ್ಲಿದ್ದಾಳೆ ಅಂತ ವಾರ್ಡನ್ ಹೇಳುತ್ತಾರೆ. ಸಪ್ತಾಪುರದ ಪಿಜಿಯಲ್ಲಿ ಇಟ್ಟಿದ್ದರೆ ಯಾರು ಹೇಳುತ್ತಿದ್ದರು? ನಮ್ಮವರು ಮೆಣಸಿನಕಾಯಿ ಚೀಲ ಹೊತ್ತು ಬ್ಯಾಡಗಿ ಮಾರ್ಕೆಟ್ಟಿಗೆ ಹೋಗುವವರು, ವಾರಕ್ಕೊಮ್ಮೆ ಧಾರವಾಡಕ್ಕೆ ಬಂದು ಮಗಳನ್ನು ನೋಡಲು ಆಗುವುದಿಲ್ಲ. ನಿಮಗೆ ಹದಿನೈದು ನಿಮಿಷ ಅನ್ನಿಸುತ್ತದೆ. ನನಗೆ ಆ ಹದಿನೈದು ನಿಮಿಷ ಎದೆಯ ಮೇಲೆ ಕಲ್ಲು.

ಬೇಜಾರಾಗಬೇಡ ತಂಗಿ. ಆದರೆ ಎಲ್ಲದಕ್ಕೂ ಕಾಲೇಜನ್ನು ಬೈಯುವುದು ಸರಿ ಅಲ್ಲ.

ಕೇಶ್ವಾಪುರದವಳು:

ಬೇಜಾರಿಲ್ಲ ಅಕ್ಕಾ. ನಿಮ್ಮ ಹೆದರಿಕೆ ನನಗೆ ಅರ್ಥ ಆಗುತ್ತದೆ, ನಮ್ಮ ಅಮ್ಮನೂ ಹೀಗೇ. ಗೇಟಿಗೆ ಟೈಮ್ ಇರಲಿ, ನಾನು ಬೇಡ ಅಂದಿಲ್ಲ. ಆದರೆ ಒಂದು ಮಾತು ಕೇಳುತ್ತೇನೆ. ನಿಮ್ಮ ಮಗಳು ತಡ ಮಾಡಿದರೆ ನಿಮಗೆ ಫೋನ್ ಬರಲಿ. ನಿಮ್ಮ ಊರಿನ ಗುಡಿಯ ಪೂಜಾರಿಗೂ, ಓಣಿಯ ಹಿರಿಯರಿಗೂ ಪತ್ರ ಹೋದರೆ ಸುಮ್ನಿರುತ್ತೀರಾ?

ಹಾವೇರಿ ತಾಯಿ:

ಅದು ಹೋಗಬಾರದು. ಅದು ತಪ್ಪೇ.

ನವಲಗುಂದ ಹೈದ:

ನಾನು ಲಿಂಗಾಯತ, ಓದಿದ್ದು ಕ್ರೈಸ್ತ ಕಾಲೇಜಿನಲ್ಲಿ, ಅದಕ್ಕೂ ಮೊದಲು ಎರಡು ವರ್ಷ ಒಂದು ಮಠದ ಹಾಸ್ಟೆಲಿನಲ್ಲಿ ಇದ್ದೆ. ಹಾಗಾಗಿ ಎರಡೂ ಕಡೆಯ ಏಟು ತಿಂದ ಅನುಭವ ಇದೆ. ಮಠದಲ್ಲಿ ಬೆಳಗ್ಗೆ ತಣ್ಣೀರು ಸ್ನಾನ, ವಿಭೂತಿ ಇಲ್ಲದೆ ಊಟದ ಪಂಕ್ತಿಗೆ ಕೂತರೆ ಎಬ್ಬಿಸುತ್ತಿದ್ದರು. ಪ್ರಾರ್ಥನೆ ತಪ್ಪಿಸಿದರೆ ರೊಟ್ಟಿ ಇಲ್ಲ. ಅಲ್ಲಿ ಊಟ, ವಸತಿ ಪುಕ್ಕಟೆ ಇತ್ತು ಅನ್ನೋದನ್ನೂ ಹೇಳಬೇಕು. ಬಡ ಹುಡುಗರು ಓದಿದ್ದೇ ಅದರಿಂದ.

ಕಾಲೇಜಿನಲ್ಲಿ ಚಾಪೆಲ್‌ಗೆ ನನ್ನನ್ನೂ ಕೂರಿಸುತ್ತಿದ್ದರು. ಮೊದಮೊದಲು ಕಸಿವಿಸಿ, ಆಮೇಲೆ ಹಾಡು ಇಷ್ಟ ಆಯಿತು, ಈಗಲೂ ಎರಡು ಕೀರ್ತನೆ ಬಾಯಿಗೆ ಬರುತ್ತವೆ. ಆದರೆ "ಬರಲೇಬೇಕಾ?" ಅಂತ ಕೇಳಿದ ದಿನ ನನ್ನ ಇಂಟರ್ನಲ್ ಮಾರ್ಕ್ಸ್ ನೆನಪಿಸಿದರು. ಜೋರು ಮಾಡಲಿಲ್ಲ, ಸಿಟ್ಟಾಗಲಿಲ್ಲ, ನಗುತ್ತಲೇ ನೆನಪಿಸಿದರು. ಆ ನಗು ಕಂಡರೆ ನನಗೆ ಈಗಲೂ ಆಗುವುದಿಲ್ಲ.

ಇದು ಕ್ರೈಸ್ತರ ಕಾಲೇಜಿನ ರೋಗ ಅಂತ ಯಾರೂ ತಿಳಿಯಬೇಡಿ. ದೇವರ ಹೆಸರಿನಲ್ಲಿ ಬೀಗದ ಕೈ ಹಿಡಿದವರು ಎಲ್ಲ ಕಡೆ ಇದ್ದಾರೆ.

ಬೆಟಗೇರಿ ಮಾಸ್ತರ:

ಎಪ್ಪತ್ತಾರು ವಯಸ್ಸು ನನಗೆ. ಮೊಮ್ಮಗ ಟೈಪ್ ಮಾಡಿಕೊಡುತ್ತಿದ್ದಾನೆ, ತಪ್ಪಿದ್ದರೆ ಅವನದು.

ಮಗಳೇ, ನೀನು ಬರೆದದ್ದನ್ನು ಎರಡು ಸಲ ಓದಿಸಿಕೊಂಡೆ. ಮಿಷನ್ ಶಾಲೆಯಲ್ಲಿ ಮೂವತ್ತು ವರ್ಷ ಮೇಷ್ಟ್ರಾಗಿದ್ದೆ, ಬೋರ್ಡಿಂಗಿನಲ್ಲೇ ಬೆಳೆದವನು. ನಮ್ಮ ಕಾಲದಲ್ಲಿ ಭಾನುವಾರ ಬಟ್ಟೆ ಒಗೆಯುವ ಹಾಗಿರಲಿಲ್ಲ, ಚೆಂಡು ಮುಟ್ಟಿದರೆ ಬೆತ್ತ. ನಿಮ್ಮ ಪೀಳಿಗೆಗೆ ಇದೆಲ್ಲ ಎಲ್ಲಿಂದ ಬಂತು ಅಂತ ಗೊತ್ತಿಲ್ಲ, ಸ್ವಲ್ಪ ಹೇಳುತ್ತೇನೆ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಘ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಧಾರವಾಡಕ್ಕೆ 1837, ಹುಬ್ಬಳ್ಳಿಗೆ 1839, ನಮ್ಮ ಬೆಟಗೇರಿಗೆ 1841. ಅವರು ಹೆಚ್ಚಿನವರು ದಕ್ಷಿಣ ಜರ್ಮನಿಯ ಭಕ್ತ ಕುಟುಂಬಗಳಿಂದ ಬಂದವರು. ಕುಡಿತ, ಕುಣಿತ, ಇಸ್ಪೀಟು ಯಾವುದೂ ಆಗದು. ಅವರ ಮೇಲೂ ನಿಯಮ ಇತ್ತು ಅಂದರೆ ನಂಬುತ್ತೀರಾ? ಮಿಷನರಿ ಮದುವೆಯಾಗಬೇಕಾದರೆ ಬಾಸೆಲ್‌ನಲ್ಲಿದ್ದ ಕಮಿಟಿಗೆ ಪತ್ರ ಬರೆದು ಅಪ್ಪಣೆ ಕೇಳಬೇಕಿತ್ತು. ಪತ್ರ ಹಡಗಿನಲ್ಲಿ ಹೋಗಿ ಹಡಗಿನಲ್ಲೇ ಬರಬೇಕು, ಅಲ್ಲಿಯವರೆಗೆ ಕಾಯಬೇಕು. ನಿಘಂಟು ಮಾಡಿದ ಕಿಟೆಲ್ ಸಾಹೇಬರು 1853ರಲ್ಲಿ ಈ ದೇಶಕ್ಕೆ ಬಂದವರು, ಮದುವೆಯಾದದ್ದು 1860ರಲ್ಲಿ. ಅವರೂ ಅದೇ ಕಮಿಟಿಯ ಕೈಕೆಳಗಿದ್ದವರೇ.

ಇನ್ನೊಂದು ಮಾತು. ಆಗ ಕ್ರೈಸ್ತರಾದವರನ್ನು ಮನೆಯವರು ಹೊರಗೆ ಹಾಕುತ್ತಿದ್ದರು. ಬಾವಿ ನೀರು ಇಲ್ಲ, ಕೂಲಿ ಇಲ್ಲ. ಮಿಷನ್‌ನವರೇ ನೇಯ್ಗೆ ಶುರು ಮಾಡಿದರು, ಕರಾವಳಿಯಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿದರು. ಮನೆ ಕೊಟ್ಟವರು ಅವರೇ, ಕೆಲಸ ಕೊಟ್ಟವರು ಅವರೇ, ಮಕ್ಕಳಿಗೆ ಅಕ್ಷರ ಕಲಿಸಿದವರು ಅವರೇ, ಭಾನುವಾರ ಪ್ರಸಂಗ ಮಾಡಿದವರೂ ಅವರೇ. ತಪ್ಪು ಮಾಡಿದರೆ ಯಾರ ಹತ್ತಿರ ಹೋಗಿ ದೂರಬೇಕು? ಎಲ್ಲ ಬಾಗಿಲೂ ಒಂದೇ ಮನೆಯವು. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರನ್ನು ಸರ್ಕಾರ ಹಿಡಿದು ಕಳಿಸಿತು, ಕಾರ್ಖಾನೆಗಳು ಕೈತಪ್ಪಿದವು. ಆ ಅಭ್ಯಾಸ ಮಾತ್ರ ಉಳಿದುಕೊಂಡಿತು. ಇವತ್ತು ಹೊಸದಾಗಿ ಕಾಲೇಜು ಕಟ್ಟಿದ ಟ್ರಸ್ಟ್‌ನವರಿಗೆ ಬಾಸೆಲ್‌ನ ಗಂಧಗಾಳಿ ಇಲ್ಲ, ಆದರೆ ನಮ್ಮ ಜನ ಕೈಕಟ್ಟಿ ನಿಲ್ಲುವ ರೀತಿ ಅದೇ ಇದೆ.

ಶಿಸ್ತು ಬೇಕು ಅನ್ನುವವನೇ ನಾನು. ಆದರೆ ಮಕ್ಕಳ ಕೈಯಲ್ಲಿ ಪಾಪ ಅಂತ ಬರೆಸಿಕೊಳ್ಳುವುದನ್ನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಮಾಡಲಿಲ್ಲ. ರೋಮಾಪುರದವರಿಗೆ ಬರೆದ ಪತ್ರ ಓದಿಸಿದರಲ್ಲ, ಅದರ ಹಿಂದಿನ ಪುಸ್ತಕ ಅಪೊಸ್ತಲರ ಕೃತ್ಯಗಳು. 5ನೇ ಅಧ್ಯಾಯದಲ್ಲಿ ಪೇತ್ರನು ಯೆಹೂದ್ಯರ ಹಿರೀಸಭೆಯ ಎದುರೇ ನಿಂತು, ಮನುಷ್ಯರ ಮಾತಿಗಿಂತ ದೇವರ ಮಾತು ಕೇಳಬೇಕು ಅಂತಾನೆ. ಅದನ್ನೂ ಓದಿಸಬೇಕಿತ್ತು.

ಪೇಢಾ ಪ್ರೇಮಿ:

ಮಾಸ್ತರೇ ನಮಸ್ಕಾರ. ಮೊಮ್ಮಗನಿಗೆ ಹೇಳಿ, ಒಂದೂ ತಪ್ಪಿಲ್ಲ.

ಹಳೇ ವಾರ್ಡನ್:

ಬರೆಯಬಾರದು ಅಂತ ಎರಡು ದಿನ ತಡೆದುಕೊಂಡೆ. ಆಗಲಿಲ್ಲ.

ನಾನು ಏಳು ವರ್ಷ ಇಂಥ ಒಂದು ಕಾಲೇಜಿನ ಹುಡುಗಿಯರ ಹಾಸ್ಟೆಲ್ ನೋಡಿಕೊಂಡಿದ್ದೇನೆ. ಕೇಶ್ವಾಪುರದವಳ ಕಾಲೇಜಲ್ಲ ಅಂದುಕೊಳ್ಳುತ್ತೇನೆ. ಆದರೆ "ಅತ್ತೆ ಮಗನಾ? ಇನ್ನೂ ಕಷ್ಟ" ಅನ್ನುವಂಥ ಮಾತು ನಾನೂ ಆಡಿದ್ದೇನೆ. ಓದಿ ನಾಚಿಕೆಯಾಯಿತು.

ನಮ್ಮ ಕಡೆಯದೂ ಸ್ವಲ್ಪ ಕೇಳಿ. ನೂರಾ ನಲವತ್ತು ಹುಡುಗಿಯರು, ವಾರ್ಡನ್ ಒಬ್ಬಳೇ. ಸಂಬಳ ಹೇಳಿದರೆ ನಗುತ್ತೀರಿ. ನನ್ನ ಕೋಣೆ ಹಾಸ್ಟೆಲಿನ ಒಳಗೇ, ಗೇಟಿನ ಬೀಗ ನನ್ನನ್ನೂ ಒಳಗೇ ಇಡುತ್ತಿತ್ತು. ಒಮ್ಮೆ ಒಬ್ಬ ಹುಡುಗಿ ಹೇಳದೆ ಊರಿಗೆ ಹೋದಳು, ಅಜ್ಜಿಗೆ ಹುಷಾರಿರಲಿಲ್ಲವಂತೆ. ರಾತ್ರಿ ಒಂದು ಗಂಟೆಯವರೆಗೆ ನಾನು, ವಾಚ್‌ಮನ್ ಇಬ್ಬರೂ ಹಳೇ ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು ಎಲ್ಲ ಹುಡುಕಿದೆವು. ಅವರಪ್ಪ ಬೆಳಗ್ಗೆ ಬಂದು ಎಲ್ಲರೆದುರು ನನಗೆ ಬೈದರು. ಮ್ಯಾನೇಜ್‌ಮೆಂಟ್‌ನವರು ಅವರಿಗೆ ಚಹಾ ಕೊಟ್ಟರು, ನನಗೆ ಮೆಮೊ ಕೊಟ್ಟರು. ಅದಾದ ಮೇಲೆ ನಾನು ಬದಲಾದೆ. ಮಕ್ಕಳನ್ನು ನೋಡಿಕೊಳ್ಳುವುದು ಬಿಟ್ಟು ರಿಜಿಸ್ಟರ್ ನೋಡಿಕೊಳ್ಳಲು ಶುರು ಮಾಡಿದೆ. ರಿಜಿಸ್ಟರ್ ಸರಿ ಇದ್ದರೆ ನನ್ನ ತಲೆ ಉಳಿಯುತ್ತಿತ್ತು.

ಪಾಸ್ಟರಿಗೆ ಪತ್ರ ಯಾಕೆ ಹೋಗುತ್ತದೆ ಅಂತ ಹೇಳುತ್ತೇನೆ. ಅಡ್ಮಿಷನ್ ಟೈಮಿನಲ್ಲಿ ಸಭೆಯಿಂದ ಶಿಫಾರಸು ಪತ್ರ ತರಿಸಿಕೊಳ್ಳುತ್ತಾರಲ್ಲ, ಅದರ ಮೇಲೆ ಫೀಸು ಕಡಿಮೆ ಮಾಡುತ್ತಾರೆ. ಶಿಫಾರಸು ಮಾಡಿದವರಿಗೆ ವರದಿ ಹೋಗಬೇಕು ಅನ್ನುವುದು ಅವರ ಲೆಕ್ಕ. ಒಳಗಿದ್ದಾಗ ನನಗೂ ಅದು ಸರಿ ಅನ್ನಿಸಿತ್ತು. ಆದರೆ ಆ ಹುಡುಗಿ ನಾಳೆ ಮಿಷನ್ ಶಾಲೆಯಲ್ಲಿ ಟೀಚರ್ ಕೆಲಸ ಕೇಳಿದರೂ ಅದೇ ಪಾಸ್ಟರ ಪತ್ರ ಬೇಕು, ಮದುವೆಗೆ ಗಂಡು ನೋಡುವಾಗಲೂ ಅವರನ್ನೇ ಕೇಳುತ್ತಾರೆ. ನಮ್ಮದು ಸಣ್ಣ ಸಮಾಜ. ಹುಬ್ಬಳ್ಳಿಯಲ್ಲಿ ಸೀನಿದರೆ ಗದಗದಲ್ಲಿ ಕೇಳಿಸುತ್ತದೆ. ನಾನು ಬರೆದ ಅಂಥ ಪತ್ರಗಳು ಎಷ್ಟು ಅಂತ ಎಣಿಸಿಲ್ಲ. ಎಣಿಸಲು ಧೈರ್ಯ ಇಲ್ಲ.

ಕೇಶ್ವಾಪುರದವಳು:

ಮೇಡಂ, ನಿಮಗೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ನಮ್ಮ ವಾರ್ಡನ್ ಕೂಡ ಒಂದು ದಿನ ಹೀಗೆ ಬಂದು ಎರಡು ಮಾತು ಆಡಿದ್ದರೆ ನಾನು ಇಲ್ಲಿ ಬರೆಯುತ್ತಲೇ ಇರಲಿಲ್ಲ ಅನ್ನಿಸುತ್ತದೆ.

ಸತ್ಯವಾಕ್ಯ:

ಇಲ್ಲಿ ಎಲ್ಲರೂ ಕಾಲೇಜಿನ ಮೇಲೆ ಮುಗಿಬಿದ್ದಿದ್ದೀರಿ. ಸೇರುವಾಗ ನಿಯಮ ಓದಿ ಸಹಿ ಹಾಕಿದ್ದು ಯಾರು? ಇಷ್ಟವಿಲ್ಲದಿದ್ದರೆ ಬೇರೆ ಕಾಲೇಜಿಗೆ ಹೋಗಬೇಕಿತ್ತು. ಲೋಕದ ಕಾಲೇಜುಗಳು ಬೇಕಾದಷ್ಟಿವೆ. ದೇವರ ಮನೆಯ ವಿಷಯವನ್ನು ಬೀದಿಗೆ ತರುವುದು ನಮ್ಮ ನಂಬಿಕೆಯ ಸಾಕ್ಷಿ ಕೆಡಿಸುವ ಕೆಲಸ.

ಕೇಶ್ವಾಪುರದವಳು:

ಅಣ್ಣಾ, ಹದಿನೇಳು ವರ್ಷಕ್ಕೆ ಸಹಿ ಹಾಕಿದೆ. ಅಪ್ಪ "ಹಾಕು" ಅಂದರು, ಹಾಕಿದೆ. ನಲವತ್ತು ಪುಟ ಓದಲು ಕ್ಲರ್ಕ್ ಐದು ನಿಮಿಷ ಕೊಟ್ಟಿದ್ದರು, ಹಿಂದೆ ಲೈನ್ ನಿಂತಿತ್ತು. ಮತ್ತೆ ಒಂದು ವಿಷಯ. ಆ ಪುಸ್ತಕದಲ್ಲಿ ಪಾಸ್ಟರಿಗೆ ಪತ್ರ ಹೋಗುತ್ತದೆ ಅಂತ ಎಲ್ಲೂ ಇಲ್ಲ. ಮನೆಗೆ ಬಂದ ಮೇಲೆ ಹುಡುಕಿದ್ದೇನೆ.

ದೇವರ ಮನೆಯ ವಿಷಯ ಬೀದಿಗೆ ತಂದವರು ಯಾರು ಅಂತ ನೀವೇ ಹೇಳಿ. ಪತ್ರ ಹಾಕಿದ್ದು ನಾನಾ?

ಕರಿಕೋಟು:

ಧಾರವಾಡ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುತ್ತೇನೆ. ಇದು ಸಲಹೆ ಅಲ್ಲ, ಮಾಹಿತಿ. ಫೀಸಿಲ್ಲ ಅಂತ ಖುಷಿಪಡಿ.

"ಅಲ್ಪಸಂಖ್ಯಾತರ ಕಾಲೇಜು, ಅವರಿಗೆ ಯಾರೂ ಏನೂ ಹೇಳುವ ಹಾಗಿಲ್ಲ" ಅಂತ ಎಲ್ಲರೂ ತಿಳಿದಿದ್ದಾರೆ. ಪೂರ್ತಿ ನಿಜ ಅಲ್ಲ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆ ಕಟ್ಟುವ, ನಡೆಸುವ ಹಕ್ಕು ಕೊಟ್ಟಿದೆ, ಅದು ಗಟ್ಟಿಯಾದ ಹಕ್ಕು. ಆದರೆ ನಡೆಸುವ ಹಕ್ಕು ಅಂದರೆ ಕೆಟ್ಟದಾಗಿ ನಡೆಸುವ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 1958ರಲ್ಲೇ ಕೇರಳದ ಶಿಕ್ಷಣ ಮಸೂದೆಯ ವಿಚಾರದಲ್ಲಿ ಹೇಳಿತು. 1974ರಲ್ಲಿ ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಕಾಲೇಜಿನ ಕೇಸಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಮುಂದೆ ಈ ಮಾತು ಮತ್ತೆ ಬಂತು. 2002ರ ಟಿ.ಎಂ.ಎ. ಪೈ ಕೇಸು ನಮ್ಮ ಮಣಿಪಾಲದ್ದೇ, ಹನ್ನೊಂದು ನ್ಯಾಯಮೂರ್ತಿಗಳು ಕೂತಿದ್ದರು.

ಚಾಪೆಲ್ ವಿಷಯಕ್ಕೆ 28ನೇ ವಿಧಿಯ ಮೂರನೇ ಭಾಗ ಓದಿ. ಸರ್ಕಾರದ ಮಾನ್ಯತೆ ಇರುವ ಅಥವಾ ಸರ್ಕಾರದ ಹಣ ಪಡೆಯುವ ಸಂಸ್ಥೆಯಲ್ಲಿ ಓದುವ ಯಾರನ್ನೂ ಅವರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ ಅಥವಾ ಆರಾಧನೆಗೆ ಕೂರಿಸುವಂತಿಲ್ಲ. ವಯಸ್ಸಿಗೆ ಬಾರದವರಾದರೆ ಪೋಷಕರ ಒಪ್ಪಿಗೆ ಬೇಕು. ಗಮನಿಸಿ, ಇದು ಎಲ್ಲ ಧರ್ಮದವರ ಸಂಸ್ಥೆಗೂ ಒಂದೇ. ನವಲಗುಂದ ಹೈದನಿಗೆ ಇಲ್ಲ ಅನ್ನುವ ಹಕ್ಕಿತ್ತು. ಆದರೆ ಕಾಲೇಜಿನವರು ಜಾಣರು, ಅಡ್ಮಿಷನ್ ಫಾರ್ಮಿನಲ್ಲೇ "ಎಲ್ಲ ಧಾರ್ಮಿಕ ಕಾರ್ಯಕ್ರಮಗಳಿಗೆ ಒಪ್ಪಿಗೆ ಇದೆ" ಅಂತ ಒಂದು ಸಾಲು ಸೇರಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಫಾರ್ಮ್ ತೆಗೆದು ನೋಡಿ.

ಹುಡುಗಿಯರಿಗೆ ಐದು ಗಂಟೆ, ಹುಡುಗರಿಗೆ ಎಂಟು ಗಂಟೆ ಅಂದಿರಿ. ಲೈಂಗಿಕ ಕಿರುಕುಳ ತಡೆಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರಲ್ಲಿ ಮಾಡಿದ ನಿಯಮಾವಳಿ ಇದೆ. ಸುರಕ್ಷತೆಯ ನೆಪ ಹೇಳಿ ಹಾಸ್ಟೆಲಿನಲ್ಲಿ ಹುಡುಗರಿಗೊಂದು, ಹುಡುಗಿಯರಿಗೊಂದು ನಿಯಮ ಮಾಡಬಾರದು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಎಷ್ಟು ಕಾಲೇಜಿನವರು ಅದನ್ನು ಓದಿದ್ದಾರೋ ದೇವರಿಗೇ ಗೊತ್ತು. ಫೋನಿನ ವಿಷಯಕ್ಕೆ 2019ರಲ್ಲಿ ಕೇರಳ ಹೈಕೋರ್ಟ್ ತೀರ್ಪು ಇದೆ. ಸಂಜೆ ಹೊತ್ತು ಫೋನ್ ಒಪ್ಪಿಸಲು ಒಪ್ಪದ ವಿದ್ಯಾರ್ಥಿನಿಯನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದ್ದರು, ಕೋರ್ಟ್ ಅವಳನ್ನು ವಾಪಸ್ ಸೇರಿಸಿ ಅಂದಿತು. ಕೇರಳದ ತೀರ್ಪು ನಮ್ಮ ಪೀಠವನ್ನು ಕಟ್ಟಿಹಾಕುವುದಿಲ್ಲ, ಆದರೆ ತೋರಿಸಬಹುದು.

ಬೆಟಗೇರಿ ಮಾಸ್ತರ:

ವಕೀಲರೇ, ನಿಮ್ಮ ಮಾತು ತಿಳಿಯಿತು. ಆದರೆ ಪ್ರತಿಯೊಂದಕ್ಕೂ ಕೋರ್ಟು ಅಂದರೆ ಮೇಷ್ಟ್ರು ಮಕ್ಕಳನ್ನು ಮುಟ್ಟಲೂ ಹೆದರುತ್ತಾರೆ. ಆ ಕಾಲ ಬಂದರೆ ಯಾರೂ ರಾತ್ರಿ ಕೂತು ವ್ಯಾಕರಣ ತಿದ್ದುವುದಿಲ್ಲ.

ಕರಿಕೋಟು:

ಮಾಸ್ತರೇ, ಕೋರ್ಟಿಗೆ ಹೋಗಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ಹೋದವರ ಕಷ್ಟ ದಿನಾ ನೋಡುತ್ತೇನೆ. "ಇಲ್ಲ" ಅಂತ ಹೇಳಿದರೆ ಯಾರೂ ಸಾಯುವುದಿಲ್ಲ ಅಂತ ಮಕ್ಕಳಿಗೆ ಗೊತ್ತಿರಲಿ, ಅಷ್ಟೇ.

ಅಟ್ಲಾಂಟಾ ವಿದ್ಯಾನಗರ:

ಹುಬ್ಬಳ್ಳಿ ವಿದ್ಯಾನಗರದವನು, ಈಗ ಅಟ್ಲಾಂಟಾದಲ್ಲಿ ಇದ್ದೇನೆ. ಇಲ್ಲಿಂದ ಎರಡೂವರೆ ತಾಸು ಕಾರು ಓಡಿಸಿದರೆ ಗ್ರೀನ್‌ವಿಲ್, ಅಲ್ಲಿ ಬಾಬ್ ಜೋನ್ಸ್ ಯೂನಿವರ್ಸಿಟಿ ಇದೆ. ಅಮೆರಿಕದ ಕಟ್ಟಾ ಸಂಪ್ರದಾಯದ ಕ್ರೈಸ್ತ ಕಾಲೇಜುಗಳಲ್ಲಿ ಹೆಸರಾದದ್ದು, 1927ರಲ್ಲಿ ಶುರುವಾದದ್ದು. ಕರಿಯರನ್ನು 1971ರವರೆಗೆ ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಸೇರಿಸಿಕೊಂಡ ಮೇಲೂ ಬಿಳಿಯರು ಕರಿಯರು ಜೋಡಿಯಾಗಿ ಓಡಾಡಬಾರದು ಅಂತ ನಿಯಮ. ಅದು ದೇವರ ಇಚ್ಛೆ, ಬೈಬಲ್‌ನಲ್ಲಿದೆ ಅಂತ ಕಲಿಸಿದರು. ಅದಕ್ಕಾಗಿ ತೆರಿಗೆ ವಿನಾಯಿತಿ ಹೋಯಿತು, 1983ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತರು, ಆದರೂ ಬಿಡಲಿಲ್ಲ. ಕೊನೆಗೆ 2000ದ ಮಾರ್ಚ್‌ನಲ್ಲಿ ಅಧ್ಯಕ್ಷ ಚುನಾವಣೆಯ ಗಲಾಟೆಯಲ್ಲಿ ಮಾನ ಹೋಗುವ ಹಾಗಾದಾಗ, ಟಿವಿ ಸಂದರ್ಶನದಲ್ಲಿ ಕೂತು ಆ ನಿಯಮ ತೆಗೆದಿದ್ದೇವೆ ಅಂದರು. 2008ರಲ್ಲಿ ಕ್ಷಮೆಯನ್ನೂ ಕೇಳಿದರು.

ಇನ್ನೊಂದು ವೀಟನ್ ಕಾಲೇಜು, ಶಿಕಾಗೋ ಹತ್ತಿರ, 1860ರದ್ದು. ಅಲ್ಲಿ ವಿದ್ಯಾರ್ಥಿಗಳು ಕುಣಿಯುವ ಹಾಗಿರಲಿಲ್ಲ. 2003ರಲ್ಲಿ ಆ ನಿಯಮ ತೆಗೆದರು, ಕಾಲೇಜಿನ ಒಳಗೇ ಕುಣಿತ ಏರ್ಪಡಿಸಿದರು. ಆಕಾಶವೇನೂ ಬೀಳಲಿಲ್ಲ.

ನನ್ನ ತಲೆ ತಿನ್ನುವುದು ಇದೇ. ದೇವರ ಆಜ್ಞೆ ಅಂತ ಹೇಳಿ ಎಷ್ಟೋ ಹುಡುಗ ಹುಡುಗಿಯರಿಗೆ ಶಿಕ್ಷೆ ಕೊಟ್ಟಿರುತ್ತಾರೆ. ನಿಯಮ ತೆಗೆದ ಮೇಲೆ ಅವರಿಗೆ ಏನು ಹೇಳಿದರು? ದೇವರು ಮನಸ್ಸು ಬದಲಾಯಿಸಿದ ಅಂತಾನಾ?

ಸತ್ಯವಾಕ್ಯ:

ಅಮೆರಿಕದ ಕಥೆ ನಮಗೆ ಬೇಡ. ಅಲ್ಲಿನ ಸಭೆಗಳು ಹಾಳಾದದ್ದೇ ಹೀಗೆ ಒಂದೊಂದು ನಿಯಮ ಬಿಡುತ್ತಾ ಹೋಗಿ.

ನವಲಗುಂದ ಹೈದ:

ಸತ್ಯವಾಕ್ಯ ಅಣ್ಣಾರೇ, ಬಿಳಿಯರು ಕರಿಯರು ಜೊತೆಗೆ ಓಡಾಡಬಾರದು ಅನ್ನುವ ನಿಯಮವೂ ಇರಬೇಕಿತ್ತು ಅಂತೀರಾ? ಹೌದು ಅಥವಾ ಇಲ್ಲ ಹೇಳಿ ಸಾಕು.

ಪೇಢಾ ಪ್ರೇಮಿ:

(ಒಂದು ದಿನ ಆಯಿತು. ಉತ್ತರ ಬಂದಿಲ್ಲ. ಕಾಯುತ್ತಿದ್ದೇವೆ.)

ಹೆಸರು ಬೇಡ:

ನಾನು ಈಗ ಓದುತ್ತಿದ್ದೇನೆ. ಎರಡನೇ ವರ್ಷ. ಇದನ್ನು ಮನೆಗೆ ಬಂದಾಗ ಅಣ್ಣನ ಫೋನಿನಿಂದ ಬರೆಯುತ್ತಿದ್ದೇನೆ. ನಮ್ಮ ಕಾಲೇಜೂ ಹೆಚ್ಚುಕಡಿಮೆ ಇದೇ ಥರ.

ಹೋದ ತಿಂಗಳು ನನ್ನ ರೂಮ್‌ಮೇಟ್ ಜ್ವರ ಬಂದು ಮೂರು ದಿನ ಚಾಪೆಲ್ ತಪ್ಪಿಸಿದಳು. ನೂರೈವತ್ತು ರೂಪಾಯಿ ಫೈನ್. ಡಾಕ್ಟರ್ ಚೀಟಿ ತೋರಿಸಿದರೆ, ಮೊದಲೇ ಹೇಳಬೇಕಿತ್ತು ಅಂದರು. ಜ್ವರ ಮೊದಲೇ ಹೇಳಿ ಬರುತ್ತದಾ? ಅವಳು ಹಟ ಹಿಡಿದು ಕಟ್ಟಲಿಲ್ಲ. ಈಗ ಪಿಯುಸಿ ಮಾರ್ಕ್ಸ್ ಕಾರ್ಡ್ ಕೊಡುವುದಿಲ್ಲ ಅಂತಿದ್ದಾರೆ. ಅಡ್ಮಿಷನ್ ದಿನ ಒರಿಜಿನಲ್ ಎಲ್ಲ ಇಸಿದುಕೊಂಡಿದ್ದಾರೆ, ಅವಳಿಗೆ ಸ್ಕಾಲರ್‌ಶಿಪ್ ಅರ್ಜಿಗೆ ಅದು ಬೇಕು. ಕೊನೆಯ ದಿನ ಹತ್ತಿರ ಬರುತ್ತಿದೆ. ಅವಳ ತಂದೆ ಇಲ್ಲ, ತಾಯಿ ಗೋಕುಲ ರೋಡ್ ಕಡೆ ಮನೆಗೆಲಸಕ್ಕೆ ಹೋಗುತ್ತಾರೆ. ಅವರು ಬಂದು ಮೇಡಂ ಕಾಲು ಹಿಡಿಯುತ್ತೇನೆ ಅಂತಾರೆ. ಇವಳು ಅಮ್ಮ ಬರಬಾರದು ಅಂತಾಳೆ.

ನಾವು ಏನು ಮಾಡಬೇಕು? ಜಗಳ ಆಡಲು ಬರುವುದಿಲ್ಲ ನಮಗೆ.

ಕರಿಕೋಟು:

ತಂಗಿ, ಜಗಳ ಬೇಡ. ಕಾಗದ ಸಾಕು.

ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಳ್ಳುವ ಹಾಗಿಲ್ಲ. ಯುಜಿಸಿ 2018ರಲ್ಲೇ ಇದನ್ನು ಹೇಳಿದೆ. ನೋಡಿ, ಪರಿಶೀಲಿಸಿ, ವಾಪಸ್ ಕೊಡಬೇಕು. ಫೈನ್ ಬಾಕಿ ಇದೆ ಅಂತ ಮಾರ್ಕ್ಸ್ ಕಾರ್ಡನ್ನು ಒತ್ತೆ ಇಟ್ಟುಕೊಳ್ಳಲು ಅದೇನು ಬಂಗಾರದ ಅಂಗಡಿಯಾ?

2023ರ ಯುಜಿಸಿ ನಿಯಮದ ಪ್ರಕಾರ ಪ್ರತಿ ಕಾಲೇಜಿನಲ್ಲಿ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು. ದೂರು ಕೊಟ್ಟ ಮೇಲೆ ಸಾಧ್ಯವಾದಷ್ಟೂ ಹದಿನೈದು ಕೆಲಸದ ದಿನಗಳ ಒಳಗೆ ಅವರು ವರದಿ ಕೊಡಬೇಕು. ಸಮಾಧಾನ ಆಗದಿದ್ದರೆ ದೂರು ವಿಚಾರಿಸಲು ಯೂನಿವರ್ಸಿಟಿ ನೇಮಿಸಿದ ಓಂಬುಡ್ಸ್‌ಪರ್ಸನ್ ಹತ್ತಿರ ಹೋಗಬಹುದು. ಸಮಿತಿಯೇ ಇಲ್ಲ ಅಂದರೆ ಅದನ್ನೂ ಬರೆಯಿರಿ.

ಅರ್ಜಿ ಅವಳೇ ಬರೆಯಲಿ, ಕನ್ನಡದಲ್ಲೇ ಬರೆಯಲಿ. ಯಾರನ್ನೂ ಬೈಯಬೇಡಿ, ದೇವರು ಧರ್ಮ ಯಾವುದೂ ಬೇಡ. ಯಾವ ದಿನ ಜ್ವರ, ಯಾವ ದಿನ ಡಾಕ್ಟರ್ ಚೀಟಿ ತೋರಿಸಿದ್ದು, ಯಾವ ದಿನ ಮಾರ್ಕ್ಸ್ ಕಾರ್ಡ್ ಕೇಳಿದ್ದು, ಸ್ಕಾಲರ್‌ಶಿಪ್ ಕೊನೆಯ ದಿನ ಯಾವುದು. ಅಷ್ಟೇ. ಎರಡು ಪ್ರತಿ ಮಾಡಿ. ಒಂದನ್ನು ಆಫೀಸಿಗೆ ಕೊಟ್ಟು ಇನ್ನೊಂದರ ಮೇಲೆ ತಲುಪಿದೆ ಅಂತ ಸೀಲ್ ಹಾಕಿಸಿಕೊಳ್ಳಿ. ಸೀಲ್ ಇಲ್ಲದೆ ಕಿಟಕಿ ಬಿಟ್ಟು ಬರಬೇಡಿ. ಸೀಲ್ ಹಾಕುವುದಿಲ್ಲ ಅಂದರೆ ಪೋಸ್ಟ್ ಆಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ.

ಹಳೇ ವಾರ್ಡನ್:

ನಾನೊಂದು ಸೇರಿಸುತ್ತೇನೆ. ಬೆಳಗ್ಗೆ ಹತ್ತೂವರೆಗೆ ಹೋಗಿ, ಮಧ್ಯಾಹ್ನ ಬೇಡ. ಮಧ್ಯಾಹ್ನ ದೊಡ್ಡವರು ಯಾರೂ ಇರುವುದಿಲ್ಲ, ಕ್ಲರ್ಕ್ ನಿರ್ಧಾರ ಮಾಡಲು ಹೆದರುತ್ತಾರೆ. ಒಬ್ಬಳೇ ಹೋಗಬೇಡಿ, ಇಬ್ಬರು ಹೋಗಿ. ಐದಾರು ಜನ ಹೋದರೆ ಗುಂಪು ಕಟ್ಟಿದರು ಅಂತಾರೆ, ನಾನೇ ಹಾಗೆ ಬರೆದಿದ್ದೇನೆ ಹಿಂದೆ. ವಾರ್ಡನ್ 'ಇದೇನು, ನನ್ನ ಮೇಲೆ ದೂರಾ' ಅಂತ ಕೇಳುತ್ತಾರೆ. ಇಲ್ಲ ಮೇಡಂ, ಮಾರ್ಕ್ಸ್ ಕಾರ್ಡ್ ಬೇಕು ಅಷ್ಟೇ ಅನ್ನಿ. ಅವರಿಗೂ ಮೇಲಿನಿಂದ ಒತ್ತಡ ಇರುತ್ತದೆ, ಅವರನ್ನು ಮೂಲೆಗೆ ತಳ್ಳಬೇಡಿ.

ಹಾವೇರಿ ತಾಯಿ:

ಆ ಹುಡುಗಿಯ ಫೈನ್ ನಾನು ಕಟ್ಟುತ್ತೇನೆ. ನೂರೈವತ್ತಕ್ಕೆ ಸ್ಕಾಲರ್‌ಶಿಪ್ ಹೋಗುವುದು ಬೇಡ. ಹೇಗೆ ಕಳಿಸಬೇಕು ಹೇಳಿ.

ಹೆಸರು ಬೇಡ:

ಅಕ್ಕಾರೇ, ಅವಳಿಗೆ ಹೇಳಿದೆ. ಅತ್ತಳು. ಆದರೆ ಬೇಡ ಅಂದಳು. ದುಡ್ಡು ಇದೆಯಂತೆ. ಜ್ವರಕ್ಕೆ ಫೈನ್ ಕಟ್ಟಲಾರೆ ಅಂತಾಳೆ.

ಬೆಟಗೇರಿ ಮಾಸ್ತರ:

ಭಲೇ.

ಕೇಶ್ವಾಪುರದವಳು:

ನಾನು ಆವತ್ತು ಪಾಪ ಅಂತ ಬರೆಯಲಿಲ್ಲ ಅಂತ ದೊಡ್ಡದಾಗಿ ಹೇಳಿದೆನಲ್ಲ, ಪೂರ್ತಿ ನಿಜ ಹೇಳಿಬಿಡುತ್ತೇನೆ. ಮೂರು ವಾರ ಬರೆಯಲಿಲ್ಲ. ಪರೀಕ್ಷೆಯ ಹಾಲ್ ಟಿಕೆಟ್ ಕೊಡುವ ದಿನ ಬಂತು. ಅಪ್ಪ ಬಂದು ಪಕ್ಕದಲ್ಲಿ ನಿಂತರು, ಒಂದೂ ಮಾತಾಡಲಿಲ್ಲ, ಪೆನ್ನು ತೆಗೆದು ಕೊಟ್ಟರು. ಬರೆದೆ. ಆ ಪೆನ್ನು ಕೊಟ್ಟ ಕೈ ನೆನಪಾದಾಗಲೇ ಈಗಲೂ ಅಪ್ಪ ಎದ್ದು ಹೊರಗೆ ಹೋಗುವುದು ಅನ್ನಿಸುತ್ತದೆ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಚಿಕ್ಕಮ್ಮನಿಗೆ ನಿನ್ನೆ ಎಲ್ಲ ಹೇಳಿದೆ, ಈ ಸಲ ಅಪ್ಪ ಎದ್ದು ಹೋಗಲಿಲ್ಲ. ಸೇರಿಸಬೇಡಿ ಅಂತ ನಾನು ಹೇಳಲಿಲ್ಲ. ಪಾಠ ಚೆನ್ನಾಗಿದೆ ಅಂತಲೂ ಹೇಳಿದೆ. ಆ ನಲವತ್ತು ಪುಟ ಮೊದಲು ಮನೆಗೆ ತಂದು ಎಲ್ಲರೂ ಕೂತು ಓದೋಣ ಅಂದೆ. ತಂಗಿ ಕೇಳಿದ್ದು ಒಂದೇ, "ಅಲ್ಲಿ ಬ್ಯಾಡ್ಮಿಂಟನ್ ಇದೆಯಾ?"

ಹೆಸರು ಬೇಡ:

ಇವತ್ತು ಬೆಳಗ್ಗೆ ಹತ್ತೂವರೆಗೆ ಇಬ್ಬರೂ ಹೋದೆವು. ಕ್ಲರ್ಕ್ ಸರ್ ಎರಡು ಸಲ ಓದಿದರು. "ಯಾರು ಬರೆದುಕೊಟ್ಟರು ನಿಮಗೆ?" ಅಂದರು. ಇವಳು "ನಾನೇ ಬರೆದೆ ಸರ್" ಅಂದಳು, ನಿಜವೇ. ಒಳಗೆ ಹೋದರು, ಹತ್ತು ನಿಮಿಷ ಬರಲಿಲ್ಲ. ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು, ವಾಪಸ್ ಹೋಗೋಣ ಅಂದೆ, ಇವಳು ಕಿಟಕಿ ಸರಳು ಹಿಡಿದುಕೊಂಡು ನಿಂತುಬಿಟ್ಟಳು. ಆಮೇಲೆ ಬಂದು ಏನೂ ಹೇಳದೆ ಸೀಲ್ ಹಾಕಿ ಕೊಟ್ಟರು. ಮಾರ್ಕ್ಸ್ ಕಾರ್ಡ್ ಇನ್ನೂ ಕೊಟ್ಟಿಲ್ಲ. ಸೋಮವಾರ ಬನ್ನಿ ಅಂದಿದ್ದಾರೆ.

ಪೇಢಾ ಪ್ರೇಮಿ:

ಸೋಮವಾರ ಸಿಕ್ಕರೆ ಲೈನ್ ಬಜಾರಿನಿಂದ ಅರ್ಧ ಕಿಲೋ ಪೇಢಾ ನನ್ನ ಲೆಕ್ಕದಲ್ಲಿ. ಔಟ್‌ಪಾಸ್ ಇಲ್ಲದೆ ಗೇಟಿಗೆ ಹೇಗೆ ಮುಟ್ಟಿಸಬೇಕು ಅಂತ ವಾರ್ಡನ್ ಮೇಡಂ ಹೇಳಲಿ.

ಹಳೇ ವಾರ್ಡನ್:

ವಾಚ್‌ಮನ್ ಕೈಗೆ ಕೊಡಿ. ಅವನಿಗೂ ಎರಡು ಕೊಡಿ.